ನೆಲಕ್ಕೆ ಊರಬಾರದಿದ್ದ ಕೋಲು

ಹೊಳೆನರಸೀಪುರದಲ್ಲಿ ಊರವರು ಕೂಡಿ ಕಟ್ಟಿಸುತ್ತಿದ್ದ ಛತ್ರದ ಸೂರು ಅರ್ಧಕ್ಕೆ ನಿಂತಿತ್ತು. ಬೀದಿಯ ಕಡೆಯ ಇಳಿಜಾರಿಗೆ ಮಂಗಳೂರು ಹೆಂಚು ಹೊದಿಸಿ ಆಗಿತ್ತು. ಹಿತ್ತಲ ಕಡೆ ತೊಲೆಗಳ ಮೇಲೆ ರೀಪುಗಳನ್ನು, ಅಂದರೆ ಹೆಂಚು ಸಿಕ್ಕಿಸುವ ಮರದ ಪಟ್ಟಿಗಳನ್ನು, ಹೊಡೆದು ಮುಗಿಸಿದ್ದರೂ ಮೇಲೆ ಹೆಂಚು ಇರಲಿಲ್ಲ. ಯುದ್ಧದ ಕಾಲ ಅದು. ಎರಡನೆಯ ಕಂತು ಕಳಿಸುತ್ತೇವೆಂದಿದ್ದ ಮಂಗಳೂರಿನ ಕಾರ್ಖಾನೆಯಿಂದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ಮುಂಗಾರಿಗೆ ಒಂದೂವರೆ ತಿಂಗಳು ಉಳಿದಿತ್ತು.

ಛತ್ರದ ಅಧ್ಯಕ್ಷರು ಶೆಟ್ಟರು, ದವಸದ ಮಂಡಿಯ ಯಜಮಾನರು. ನಾನು ಅವರ ಮಂಡಿಯ ಗುಮಾಸ್ತೆ. ಹಾಸನದಲ್ಲಿ ಹೈಸ್ಕೂಲು ಓದಿದವನು, ಗ್ರಾಂಥಿಕ ಕನ್ನಡವಾದರೂ ಮಾತಾಡಬಲ್ಲ, ಕೈ ಶುದ್ಧ ಎಂದು ನನ್ನನ್ನು ಆರಿಸಿದರು. ಹೆಂಚಿನ ಹಣವನ್ನು ನಡುಪಟ್ಟಿಯಲ್ಲಿ ಹೊಲಿಸಿ ಕೊಟ್ಟರು. ಅದನ್ನು ಬಿಟ್ಟು ಎಂಟು ದಿನದ ಭತ್ಯೆ.

"ಮಂಗಳೂರು ಕಡಲ ಪಟ್ಟಣ ಕಣಯ್ಯ. ನೀರಿಗೂ ಕಾಸು ಕೇಳ್ತಾರೆ. ನೋಡ್ಕೊಂಡು ಖರ್ಚು ಮಾಡು" ಎಂದರು.

ಹೊರಡುವ ಹಿಂದಿನ ದಿನ ಮೇಸ್ತ್ರಿ ನನ್ನನ್ನು ಛತ್ರಕ್ಕೆ ಕರೆಸಿಕೊಂಡರು. ಅರಕಲಗೂಡಿನ ಕಡೆಯ ಬಡಗಿ, ಅರವತ್ತರ ಆಸುಪಾಸಿನವರು. ಒಂದು ಹೆಂಚನ್ನು ಎಡ ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ಕಂಚಿನ ಬಟ್ಟಲಿನಂತೆ ಸದ್ದು ಬಂತು.

"ಇಂಗೆ ಅನ್ಬೇಕು. ದಪ್ ಅಂದ್ರೆ ಒಳಗೆ ಬಿರುಕು ಅದೆ ಅಂತ. ಅಳದಿ ಬಣ್ಣದ್ದು ಬ್ಯಾಡ, ಅರೆ ಬೆಂದದ್ದು ಅದು. ಎಲ್ಡು ಎಂಚ ಮುಖಕ್ಕೆ ಮುಖ ಇಟ್ಟು ನೋಡಿ, ನಡುವೆ ಬೆಳಕು ಕಂಡ್ರೆ ಸೊಟ್ಟ. ಕೊನೇಗೆ ಈ ಕೋಲು."

ಎದೆಯುದ್ದದ ಹಲಸಿನ ಕೋಲು ಅದು. ಹೆಂಚಿನ ಹಿಂಬದಿಯಲ್ಲಿ ರೀಪಿಗೆ ಸಿಕ್ಕುವ ಎರಡು ಮೂಗುಗಳಿರುತ್ತವೆ. ಎರಡು ಹೆಂಚುಗಳನ್ನು ಒಂದಕ್ಕೊಂದು ಕೂರಿಸಿ ಮಗುಚಿದಾಗ ಒಂದರ ಮೂಗಿನಿಂದ ಇನ್ನೊಂದರ ಮೂಗಿಗೆ ಇರುವ ದೂರವೇ ರೀಪಿನಿಂದ ರೀಪಿಗೆ ಇರಬೇಕಾದ ದೂರ. ಕೋಲಿನ ದಪ್ಪ ತುದಿಯಿಂದ ಆ ದೂರಕ್ಕೆ ಮೇಸ್ತ್ರಿ ಒಂದು ಕಚ್ಚು ಹಾಕಿದ್ದರು. ಬೇರೆ ಕಾರ್ಖಾನೆಯ ಹೆಂಚು ಕೊಳ್ಳಬೇಕಾಗಿ ಬಂದರೆ ಅದರ ಅಳತೆ ಈ ಕಚ್ಚಿಗೆ ಸರಿಯಾಗಿ ಬರಬೇಕು. ಕಾರ್ಖಾನೆಗೊಂದು ಅಚ್ಚು, ಒಂದರಂತೆ ಒಂದಿಲ್ಲ.

"ಒಂದು ಹೆಂಚನ್ನೇ ತೆಗೆದುಕೊಂಡು ಹೋದರಾಗದೇ ಮೇಸ್ತ್ರೀ?" ಎಂದು ಕೇಳಿದೆ.

"ಓದ್ಸಲ ತಗಂಡೋಗಿದ್ದು ಘಟ್ಟದಾಗೇ ಎಲ್ಡು ಚೂರಾಯ್ತು. ಕೋಲು ಒಡೆಯಾಕಿಲ್ಲ."

"ಗೇಣುದ್ದ ಸಾಕಿತ್ತಲ್ಲ?"

"ಗಿಡ್ಡುಂದು ಕಳದೋಯ್ತದೆ ಗುಮಾಸ್ತ್ರೇ, ಉದ್ದುಂದು ಕೈಯಾಗೇ ಇರ್ತದೆ. ಆದ್ರೆ ನೆಲಕ್ಕೆ ಊರಬ್ಯಾಡಿ. ಬಗಲಾಗೆ ಇಟ್ಕಳಿ."

ಇಂಚುಪಟ್ಟಿ ಇಟ್ಟು ಅಳತೆ ಬರೆದುಕೊಳ್ಳಲೇ ಎಂದೆ. ಅವರು ನಕ್ಕರು. "ಬರಕಳಿ ಬೇಕಾದ್ರೆ. ಒಂದೇ ಗೀರು ಆಕಿವ್ನಿ ನೋಡಿ. ಎಲ್ಡನೇ ಗೀರು ಆಕೋನು ಬಡಗಿ ಅಲ್ಲ." ನಾನು ಬರೆದುಕೊಳ್ಳಲಿಲ್ಲ. ಅವರ ಮೇಲಿನ ನಂಬಿಕೆಯಿಂದಲ್ಲ, ಸೋಮಾರಿತನದಿಂದ.

ನಾನು ಹೊರಡುವಾಗ ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು. ಹೆಂಚು ಒಪ್ಪಿಗೆಯಾದ ಮೇಲೂ ದುಡ್ಡು ಕೊಡಬಾರದು. ಎರಡು ಹೆಂಚನ್ನು ಹುಲ್ಲಲ್ಲಿ ಸುತ್ತಿ ಬಸ್ಸಿನವನ ಕೈಲಿ ಕಳಿಸಬೇಕು. ರೀಪಿನ ಮೇಲೆ ಕೂರಿಸಿ ನೋಡಿ ಅವರು ಕಾಗದ ಬರೆಸುತ್ತಾರೆ. ಆಮೇಲೆ ಹಣ.

ಹಾಸನದವರೆಗೆ ರೈಲು, ಅಲ್ಲಿಂದ ಇದ್ದಿಲ ಗ್ಯಾಸಿನ ಬಸ್ಸು. ಪೆಟ್ರೋಲಿಗೆ ತತ್ವಾರವಾಗಿ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳಿದೆವು. ಘಟ್ಟ ಇಳಿದಾಗ ಗಾಳಿ ಬಿಸಿಯಾಯಿತು, ಅಂಗಿ ಬೆನ್ನಿಗೆ ಅಂಟಿತು, ಸುತ್ತಲಿನ ಮಾತು ತುಳುವಾಯಿತು. ಅಲ್ಲಿಂದ ಮುಂದೆ ನಾನು ಒಬ್ಬನೇ ಆದೆ.

ಮೊದಲ ಕಂತು ಕಳಿಸಿದ್ದ ಹಳೆಯ ಕಾರ್ಖಾನೆಯಲ್ಲಿ ರೈಟರು, ಅಂದರೆ ಅಲ್ಲಿನ ಗುಮಾಸ್ತರು, ನಮ್ಮ ಕಾಗದಗಳನ್ನು ಮೇಜಿನ ಖಾನೆಯಿಂದ ತೆಗೆದು ತೋರಿಸಿದರು. ಎರಡೂ ಒಡೆದೇ ಇರಲಿಲ್ಲ. "ಹೆಂಚು ಉಂಟು ಮಾರಾಯ್ರೆ, ನಿಮಗೆ ಕೊಡ್ಲಿಕ್ಕೆ ಇಲ್ಲ. ಎಲ್ಲ ಮಿಲಿಟ್ರಿಗೆ. ಆರು ತಿಂಗಳು ಬಿಟ್ಟು ಬನ್ನಿ."

"ಆರು ತಿಂಗಳಿಗೆ ನಮ್ಮ ಗೋಡೆ ಕರಗಿರುತ್ತದೆ ಸ್ವಾಮಿ."

"ಹಾಗಾದ್ರೆ ಬೇರೆ ಕಡೆ ಕೇಳಿ. ಹೊಳೆಬದಿಯಲ್ಲಿ ಹೊಗೆ ಕಂಡಲ್ಲೆಲ್ಲ ಹೆಂಚಿನ ಕಾರ್ಖಾನೆಯೇ."

ಹೊಗೆಯನ್ನು ನೋಡಿಕೊಂಡು ನಡೆಯತೊಡಗಿದೆ. ಬಂದರು, ಹೊಯಿಗೆಬಜಾರು, ಜೆಪ್ಪು. ಜಟಕಾದವರು ಕೇಳುವ ದರ ಕೇಳಿದರೆ ಕಾಲೇ ವಾಸಿ ಎನಿಸುತ್ತಿತ್ತು. ಯುದ್ಧದಿಂದ ಊರು ತುಂಬಿಹೋಗಿ ಲಾಡ್ಜಿನ ಕೋಣೆಗಳ ಬಾಡಿಗೆ ಏರಿತ್ತು. ಬಂದರಿನ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಮೂರು ದಿನ ಇರಗೊಟ್ಟರು. ನಾಲ್ಕನೆಯ ದಿನ ಪಾರುಪತ್ತೇಗಾರರು ನನ್ನ ಗಂಟನ್ನು ಮೆಟ್ಟಿಲ ಮೇಲೆ ಇಟ್ಟು, "ನಿಯಮ ಅಂದರೆ ನಿಯಮ" ಎಂದರು. ಆಮೇಲೆ ಒಂದು ಕೊಬ್ಬರಿ ಗೋದಾಮಿನ ಜಗಲಿ ಸಿಕ್ಕಿತು. ಅದು ಚನ್ನರಾಯಪಟ್ಟಣದಿಂದ ಮಾಲು ತರಿಸುವವರದು. ನಮ್ಮ ಶೆಟ್ಟರ ಹೆಸರು ಹೇಳಿದ್ದಕ್ಕೆ ಜಗಲಿ ಕೊಟ್ಟರು, ಒಳಗೆ ಕರೆಯಲಿಲ್ಲ.

ನಾವು ಲಿಂಗಧಾರಿಗಳು. ಸ್ನಾನ, ಪೂಜೆ ಆಗದೆ ಬಾಯಿಗೆ ನೀರು ಹಾಕುವುದಿಲ್ಲ, ಮೀನು ಬೇಯಿಸುವ ಕಡೆ ಉಣ್ಣುವುದಿಲ್ಲ. ಆ ಊರಿನಲ್ಲಿ ಈ ಎರಡು ನಿಯಮಗಳಿಗೆ ಬಹಳ ನಡೆಯಬೇಕಾಗುತ್ತಿತ್ತು. ಬೆಳಿಗ್ಗೆ ಕದ್ರಿಯ ಕಡೆಯ ಕೆರೆಗೆ ಹೋಗಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಶಾಕಾಹಾರದ ಹೋಟೆಲಿನಲ್ಲಿ ಮಧ್ಯಾಹ್ನ ಒಂದೇ ಊಟ, ಅದೂ ಯುದ್ಧದ ಅಳತೆಯದು. ಎರಡನೆಯ ಸಲ ಅನ್ನ ಕೇಳಿದರೆ ಬಡಿಸುವವನು ಕಿವುಡನಾಗುತ್ತಿದ್ದ. ಸಂಜೆಗೆ ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿ ತಿನ್ನುತ್ತಿದ್ದೆ. ಹೊಳೆ ದಾಟಬೇಕಾದಾಗ ದೋಣಿ ತುಂಬುವವರೆಗೆ ಕಾಯುತ್ತಿದ್ದೆ, ತುಂಬಿದ ದೋಣಿಗೆ ಕೂಲಿ ಕಡಿಮೆ.

ಸಮುದ್ರವನ್ನು ಒಂಬತ್ತನೆಯ ದಿನದವರೆಗೆ ನೋಡಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಕೊನೆಗೊಂದು ಮಧ್ಯಾಹ್ನ ಹೋಗಿ ಮರಳಿನ ಮೇಲೆ ನಿಂತೆ. ಅಷ್ಟು ನೀರು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಏನಾದರೂ ಹೇಳುತ್ತಿದ್ದೆ. ಯಾರೂ ಇರಲಿಲ್ಲ. ಕಾಲು ತೊಳೆದುಕೊಂಡೆ, ಹಿಮ್ಮಡಿಯ ಬೊಕ್ಕೆಗೆ ಉಪ್ಪುನೀರು ತಾಗಿ ಚುರ್ ಎಂದಿತು, ಹಿಂದಿರುಗಿದೆ. ಆ ದಿನಗಳಲ್ಲಿ ನಾನು ಆಡಿದ ಮಾತೆಲ್ಲ ಹೆಂಚಿನ ಮಾತೇ. ಒಂದು ದಿನವಂತೂ ದೋಣಿಯವನಿಗೆ "ಒಬ್ಬ" ಎಂದದ್ದೊಂದೇ ಮಾತು.

ಹಿಮ್ಮಡಿಯ ಬೊಕ್ಕೆ ಎಂದೆನಲ್ಲ, ಅದು ಐದನೆಯ ದಿನಕ್ಕೆ ಎದ್ದಿತ್ತು. ಅಲ್ಲಿನ ರಸ್ತೆಗಳು ಕೆಂಪು ಮುರಕಲ್ಲಿನವು, ತುರಿಯುವ ಮಣೆಯ ಹಾಗೆ. ಬಗಲಲ್ಲಿದ್ದ ಕೋಲು, ದಪ್ಪ ತುದಿ ಕೆಳಗಾಗಿ, ಯಾವಾಗ ನೆಲಕ್ಕೆ ಬಂತೋ ನೆನಪಿಲ್ಲ. ನೆನಪಿರುವುದು ಒಂದು ಕಾರ್ಖಾನೆಯಲ್ಲಿ ಹೆಂಚು ವಿಂಗಡಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕದ್ದು.

"ಎಂತ ಸ್ವಾಮಿ, ಇಷ್ಟು ಸಣ್ಣ ಪ್ರಾಯಕ್ಕೇ ಅಜ್ಜನ ಹಾಗೆ ಕೋಲು ಊರಿಕೊಂಡು ಬಂದದ್ದು?"

ಜೊತೆಯ ಹೆಂಗಸರೂ ನಕ್ಕರು. ನನಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನೇ ನೋಡಿ ಆಡಿದ ಮಾತಾದ್ದರಿಂದ ಹಿತವೂ ಆಯಿತು. "ಇದು ಊರುಗೋಲಲ್ಲಮ್ಮ, ಅಳತೆಗೋಲು" ಎಂದೆ.

"ಅಳತೆಗೋಲನ್ನು ಯಾರಾದ್ರೂ ನೆಲಕ್ಕೆ ಕುಟ್ತಾರಾ?"

ಆಕೆ ಹೆಂಚು ವಿಂಗಡಿಸುವವಳು, ಅಳತೆಯ ಬೆಲೆ ಬಲ್ಲವಳು. ನಾನು ಹೈಸ್ಕೂಲು ಓದಿದವನು, ಅದನ್ನು ಹಾಸ್ಯವೆಂದುಕೊಂಡೆ.

ಏಳು ಕಾರ್ಖಾನೆ ನೋಡಿದೆ. ಸದ್ದು ಸರಿ ಇದ್ದ ಕಡೆ ಅಳತೆ ಬರುತ್ತಿರಲಿಲ್ಲ. ಕಚ್ಚಿಗೆ ಅರ್ಧ ಬೆರಳು, ಒಂದು ಬೆರಳು ಕಡಿಮೆ ಬೀಳುತ್ತಿತ್ತು. ಅಳತೆ ಬಂದ ಒಂದೇ ಕಡೆ ಮಾಲು ಇರಲಿಲ್ಲ. ಭತ್ಯೆ ಮುಗಿಯುತ್ತ ಬಂತು. ಮಧ್ಯಾಹ್ನದ ಊಟ ದಿನ ಬಿಟ್ಟು ದಿನವಾಯಿತು. ನಡುಪಟ್ಟಿಯ ಹಣವನ್ನು ಮುಟ್ಟಲಿಲ್ಲ. ಅದರ ಹೆಮ್ಮೆ ನನಗೆ ಹಸಿವಿನಷ್ಟೇ ಇತ್ತು.

ಹನ್ನೊಂದನೆಯ ದಿನ ಅಕಾಲದ ಮಳೆ ಬಂತು. ಗೋದಾಮಿನ ಜಗಲಿಯಲ್ಲಿ ಕುಳಿತು ನೋಡುತ್ತೇನೆ, ನೆನೆದ ಕೋಲಿನ ತುದಿ ಹಲ್ಲುಜ್ಜುವ ಬೇವಿನ ಕಡ್ಡಿಯಂತೆ ಕುಚ್ಚಾಗಿ ಎದ್ದಿತ್ತು. ಇದು ಹೆಂಚಿನ ಮೂಗಿಗೆ ಸರಿಯಾಗಿ ಒತ್ತುವುದಿಲ್ಲವಲ್ಲ ಎನಿಸಿತು. ಚಾಕು ತೆಗೆದು, ಕುಚ್ಚನ್ನೆಲ್ಲ ಸವರಿ, ತುದಿಯನ್ನು ಚಪ್ಪಟೆ ಮಾಡಿದೆ. ಮೇಸ್ತ್ರಿಯೇ ಮಾಡಿದಂತೆ ಕಾಣುತ್ತಿತ್ತು. ಕೆಲಸ ಅಚ್ಚುಕಟ್ಟಾಯಿತೆಂದು ಸಮಾಧಾನಪಟ್ಟೆ. ತೊಡೆಯ ಮೇಲೆ ಬಿದ್ದ ಚಕ್ಕೆಗಳನ್ನು ಕೊಡವಿ ಎದ್ದೆ. ಅಳತೆ ಎಂಬುದು ಕಚ್ಚಿನಲ್ಲಿರುತ್ತದೆ ಎಂದೇ ನನ್ನ ತಲೆಯಲ್ಲಿತ್ತು. ಅದು ಕಚ್ಚಿನಿಂದ ತುದಿಯವರೆಗಿನ ಮರದಲ್ಲಿರುತ್ತದೆ ಎಂದು ಹೊಳೆಯಲಿಲ್ಲ. ಮಂಡಿಯಲ್ಲಿ ಕೂತು ಲೆಕ್ಕ ಬರೆಯುವವನು ಮಾಡುವ ತಪ್ಪು ಅದು. ಮರದ ಕೆಲಸ ಗೊತ್ತಿದ್ದ ಯಾವನೂ ಮಾಡುತ್ತಿರಲಿಲ್ಲ.

ಮರುದಿನ ಹೊಳೆಯಾಚೆ ಒಂದು ಸಣ್ಣ ಕಾರ್ಖಾನೆ ಸಿಕ್ಕಿತು. ತಟ್ಟಿದೆ, ಕಂಚಿನ ಸದ್ದು. ಮುಖಕ್ಕೆ ಮುಖ ಇಟ್ಟೆ, ಬೆಳಕಿಲ್ಲ. ಎರಡನ್ನು ಕೂರಿಸಿ ಮಗುಚಿ ಕೋಲಿಟ್ಟೆ. ಕಚ್ಚು ಮೂಗಿನ ಮೇಲೆಯೇ ಬಂದು ನಿಂತಿತು. ಬೇರೆ ಬೇರೆ ಅಟ್ಟಿಯಿಂದ ತೆಗೆದು ಆರು ಸಲ ಅಳೆದೆ, ಆರು ಸಲವೂ ಸರಿ. ಕಣ್ಣಲ್ಲಿ ನೀರು ಬಂತು. ಮಾಲು ಸಿದ್ಧವಿತ್ತು, ಬೆಲೆ ನ್ಯಾಯವಾಗಿತ್ತು, ಹಾಸನಕ್ಕೆ ಖಾಲಿ ಹೋಗಲಿದ್ದ ಒಂದು ಲಾರಿಯೂ ಇತ್ತು.

ಎರಡು ಹೆಂಚನ್ನು ಮೊದಲು ಬಸ್ಸಿನಲ್ಲಿ ಕಳಿಸಬೇಕೆಂಬ ಮೇಸ್ತ್ರಿಯ ಮಾತು ನೆನಪಿರಲಿಲ್ಲವೆಂದಲ್ಲ. ಚೆನ್ನಾಗಿ ನೆನಪಿತ್ತು. ಹೆಂಚು ಹೋಗಿ ಉತ್ತರ ಬರಲು ಐದಾರು ದಿನ. ಹುರಿಹಿಟ್ಟು ತಳ ಕಂಡಿತ್ತು. ಲಾರಿ ನಾಳೆ ಹೊರಡುವುದು. ಆರು ಸಲ ಅಳೆದಿದ್ದೇನಲ್ಲ ಎಂದುಕೊಂಡೆ. ಇನ್ನೂ ಒಂದು ಕಾರಣವಿತ್ತು: ಆ ಜಗಲಿಯಲ್ಲಿ ಇನ್ನೊಂದು ಸಂಜೆ ಒಬ್ಬನೇ ಕೂರುವುದು ನನ್ನಿಂದಾಗುತ್ತಿರಲಿಲ್ಲ. ನಡುಪಟ್ಟಿ ಬಿಚ್ಚಿ ಹಣ ಎಣಿಸಿ ಕೊಟ್ಟೆ.

ಹೆಂಚಿನ ಸಾಲು ಸಾಲಿಗೂ ಹುಲ್ಲು ಹಾಸಿ ತುಂಬಿಸಿದರು. ನಾನು ಹೆಂಚಿನ ಮೇಲೆಯೇ ಕುಳಿತು ಘಟ್ಟ ಹತ್ತಿದೆ. ಒಡೆದದ್ದು ಬಹಳ ಕಡಿಮೆ. ಭತ್ಯೆಯಲ್ಲಿ ಉಳಿದಿದ್ದ ಕೆಲವೇ ಆಣೆಗಳನ್ನು ಶೆಟ್ಟರ ಮುಂದಿಟ್ಟಾಗ ಅವರು ಕಮಿಟಿಯವರಿಗೆಲ್ಲ ಅದನ್ನು ತೋರಿಸಿದರು. "ಎಂಟು ದಿನದ ದುಡ್ಡಲ್ಲಿ ಹದಿಮೂರು ದಿನ ಕಳೆದು ಬಂದವ್ನೆ. ಹುಡುಗ ಅಂದ್ರೆ ಇವನು ನೋಡಿ!"

ಮರುದಿನ ಬೆಳಿಗ್ಗೆ ಮೇಸ್ತ್ರಿ ಮೊದಲ ಎರಡು ಸಾಲು ಹೊದಿಸಿದರು. ಕೆಳಗೆ ನಿಂತ ನನಗೇ ಕಾಣಿಸಿತು. ಮೇಲಿನ ಹೆಂಚು ರೀಪಿಗೆ ಸಿಕ್ಕಿಕೊಂಡಿತ್ತು, ಆದರೆ ಅದರ ಅಂಚು ಕೆಳಗಿನ ಹೆಂಚಿನ ಕಾಲುವೆಗೆ ಇಳಿಯದೆ ಬಾಯಿ ತೆರೆದು ನಿಂತಿತ್ತು. ಅವರು ಅದನ್ನು ತೆಗೆದು ಇನ್ನೊಂದು ಇಟ್ಟರು. ಮತ್ತೊಂದು. ಆಮೇಲೆ ಸೂರಿನ ಮೇಲಿಂದಲೇ ಮೆಲ್ಲಗೆ ಕೇಳಿದರು.

"ಗುಮಾಸ್ತ್ರೇ, ಕೋಲೆಲ್ಲಿ?"

"ಮನೆಯಲ್ಲಿದೆ, ತರುತ್ತೇನೆ."

ಮನೆಗೆ ಹೋಗುವ ದಾರಿಯಲ್ಲಿ ತೊಡೆಯ ಮೇಲೆ ಬಿದ್ದ ಆ ಚಕ್ಕೆಗಳು ನೆನಪಾದವು. ನಿಂತುಬಿಟ್ಟೆ. ಮನೆಯಲ್ಲಿ ಕೋಲನ್ನು ತೆಗೆದು ತುದಿ ನೋಡಿದೆ. ಮರ ಹಳತಾಗಿ ಕಂದಿತ್ತು, ತುದಿ ಮಾತ್ರ ಹೊಸದಾಗಿ ಹಳದಿ. ಯಾರು ನೋಡಿದರೂ ತಿಳಿಯುವಂತಿತ್ತು. ಬಚ್ಚಲೊಲೆಯಲ್ಲಿ ಅಮ್ಮ ನೀರು ಕಾಯಿಸುತ್ತಿದ್ದರು. ಅವರು ಹಿತ್ತಲಿಗೆ ಹೋದ ಹೊತ್ತಿನಲ್ಲಿ ಕೋಲನ್ನು ಮುರಿದು ಒಲೆಗೆ ಹಾಕಿದೆ. ಹಲಸು ಬೇಗ ಹತ್ತಿಕೊಂಡಿತು.

ಛತ್ರಕ್ಕೆ ಹಿಂತಿರುಗಿದಾಗ ಶೆಟ್ಟರೂ, ಕಮಿಟಿಯ ಇನ್ನೊಬ್ಬ ಹಿರಿಯರಾದ ಹಳೇಕೋಟೆಯ ಪಟೇಲರೂ ಬಂದಿದ್ದರು. "ಕೋಲು ಸಿಗಲಿಲ್ಲ. ಲಾರಿಯಲ್ಲೇ ಬಿಟ್ಟೆನೆಂದು ಕಾಣುತ್ತದೆ" ಎಂದೆ. ಬೇಡದಿದ್ದರೂ ಇನ್ನೊಂದು ಮಾತು ಸೇರಿಸಿದೆ: "ನಾನು ಮಾತ್ರ ಅವರ ಕಚ್ಚಿಗೇ ಅಳೆದಿದ್ದೇನೆ. ಆರು ಸಲ."

ಅದು ನಿಜವೇ. ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆಂದೂ ಆಡಿಲ್ಲ.

ಶೆಟ್ಟರು ಮೇಸ್ತ್ರಿಯ ಕಡೆ ತಿರುಗಿದರು. "ಏನಯ್ಯಾ, ಕಣ್ಣಿಗೆ ಪೊರೆ ಬಂತಾ? ಈ ಯುದ್ಧದ ಕಾಲದಾಗೆ ಇಷ್ಟು ಮಾಲು ತರಿಸಿ, ಈಗ ಕೂರಾಕಿಲ್ಲ ಅಂದ್ರೆ?"

ಪಟೇಲರು ಬೀಡಿ ಹಚ್ಚುತ್ತ ಅಂದರು: "ವಯಸ್ಸಾಗೋಗದೆ ಕಣ್ ಶೆಟ್ರೇ ಮುದ್ಕಂಗೆ. ಗಾಡಿ ಗೂಟ ಕೆತ್ಕಂಡಿರೋದ್ ಬುಟ್ಟು ಸೂರು ಯಾಕೆ ಬೇಕಿತ್ತು?"

ಮೇಸ್ತ್ರಿ ಇಳಿದು ಬಂದು ನನ್ನ ಮುಖ ನೋಡಿದರು. ಗದರಿಸಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. "ನೆಲಕ್ಕೆ ಊರಿದ್ರಾ?" ಎಂದು ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಬೇಡವೆಂದು ಹೇಳಿದ್ದನ್ನು ನಾನು ಮಾಡಿರಬಹುದೆಂಬ ಅನುಮಾನವೇ ಆ ಮನುಷ್ಯನಿಗೆ ಬರಲಿಲ್ಲ. ತಮ್ಮ ಬಲ ಹೆಬ್ಬೆರಳನ್ನು ತಾವೇ ನೋಡಿಕೊಂಡರು.

"ನಲವತ್ತು ವರ್ಸದಾಗೆ ನನ್ ಕಚ್ಚು ತಪ್ಪಿಲ್ಲ ಬುದ್ಧಿ" ಎಂದರು. ಆಮೇಲೆ ಸೂರಿನ ಕಡೆ ಕತ್ತೆತ್ತಿ ನೋಡಿ, "ತಪ್ಪಿರ್ಬೌದು. ಅವರು ಆರು ಸಲ ಅಳದವ್ರೆ" ಎಂದರು.

ರೀಪುಗಳನ್ನೆಲ್ಲ ಕಿತ್ತು ಹೊಸ ಅಂತರಕ್ಕೆ ಹೊಡೆಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಯುದ್ಧದಲ್ಲಿ ಮೊಳೆ ಎಲ್ಲಿ ಸಿಗಬೇಕು? ಕಿತ್ತ ಮೊಳೆಗಳೆಲ್ಲ ಸೊಟ್ಟಗಾಗಿರುತ್ತಿದ್ದವು. ಮೇಸ್ತ್ರಿ ಒಂದು ಚಪ್ಪಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೊಳೆಯನ್ನು ಉರುಳಿಸಿ ಉರುಳಿಸಿ ಸುತ್ತಿಗೆಯಿಂದ ನೆಟ್ಟಗೆ ಮಾಡಿದರು. ಹನ್ನೊಂದು ದಿನ. ಕೂಲಿ ಬೇಡವೆಂದರು. ನಾನು ಮಂಡಿಯಲ್ಲಿ ಕೂತಿರುತ್ತಿದ್ದೆ, ಆ ಟಕ್ ಟಕ್ ಅಲ್ಲಿಗೆ ಕೇಳುತ್ತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಹೊರಡುತ್ತಿದ್ದೆ. ಸಾಲುಗಳು ಹತ್ತಿರವಾದ್ದರಿಂದ ಹೆಂಚು ಸಾಲದೆ ನೆತ್ತಿಯ ಹತ್ತಿರ ಎರಡು ಸಾಲು ಖಾಲಿ ಉಳಿಯಿತು. ಅಲ್ಲಿಗೆ ತೆಂಗಿನ ಗರಿ ಹೆಣೆದು ಹೊದಿಸಿದರು. ಮಳೆ ಬರುವುದಕ್ಕೆ ನಾಲ್ಕು ದಿನ ಮೊದಲು ಕೆಲಸ ಮುಗಿಯಿತು. ಮೇಸ್ತ್ರಿ ಸಲಕರಣೆಯ ಚೀಲ ಹೆಗಲಿಗೆ ಹಾಕಿ ಹೊರಟರು. ನಮ್ಮ ಊರಿನಲ್ಲಿ ಅವರಿಗೆ ಮತ್ತೆ ಯಾರೂ ಸೂರಿನ ಕೆಲಸ ಕೊಡಲಿಲ್ಲ.

ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಮಂಡಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗುತ್ತಿದ್ದೆ. ಹಿರೀಸಾವೆಯಲ್ಲಿ ಬಸ್ಸು ನಿಂತಿತು. ರಸ್ತೆಬದಿಯ ಹೋಟೆಲಿನ ಪಕ್ಕದ ಚಪ್ಪರದ ಕೆಳಗೆ ಮೇಸ್ತ್ರಿ ಕೂತಿದ್ದರು. ಊಟದ ಮಣೆಗಳನ್ನು ಮಾಡಿ ಮಾರುತ್ತಿದ್ದರು. ಅವರೇ ನನ್ನ ಗುರುತು ಹಿಡಿದರು.

"ಗುಮಾಸ್ತ್ರಲ್ವಾ? ಚೆಂದಾಗಿದ್ದೀರಾ? ಛತ್ರ ಸೋರ್ತದಾ?"

"ಇಲ್ಲ ಮೇಸ್ತ್ರೀ."

"ಸೋರ್ಬಾರ್ದು. ನನ್ ತಪ್ಪ ನಾನೇ ಸರಿ ಮಾಡ್ ಬಂದಿವ್ನಲ್ಲ."

"ಮೇಸ್ತ್ರೀ, ಆ ಕೋಲು..." ಎಂದೆ.

"ಓಗ್ಲಿ ಬುಡಿ. ಲಾರಿಯಾಗೆ ಬುಟ್ಬುಟ್ರಿ, ಯಾರ್ ಬೇಕಂತ ಬುಡ್ತಾರೆ? ಅದು ಸಿಕ್ಕಿದ್ರೂ ನನ್ ಮಾನವೇ ಓಗ್ತಿತ್ತು."

ಬಸ್ಸಿನವನು ಹಾರನ್ನು ಒತ್ತಿದ. ಇನ್ನು ಒಂದು ನಿಮಿಷ ನಿಲ್ಲು ಎಂದು ಅವನಿಗೆ ಹೇಳಬಹುದಿತ್ತು. ಒಂದು ಮಣೆ ಕೊಂಡು, ಹೇಳಿದ ಬೆಲೆಗಿಂತ ಹೆಚ್ಚು ಕೊಡಹೋದೆ. ಅವರು ಹೆಚ್ಚಿನದನ್ನು ಹಿಂದಕ್ಕೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಬಸ್ಸು ಹತ್ತಿದೆ.

ಸೀಟಿನಲ್ಲಿ ಕೂತು ಮಣೆಯನ್ನು ಮಗುಚಿ ನೋಡಿದೆ. ಕಾಲು ಕೂರಿಸಲು ಗುರುತು ಹಾಕಿದ ಕಡೆ, ಒಂದರ ಪಕ್ಕ ಒಂದು, ಕೂದಲೆಳೆಯ ಅಂತರದಲ್ಲಿ ಮೂರು ಗೀರುಗಳಿದ್ದವು. ನಾಲ್ಕು ಕಾಲಿಗೂ ಹಾಗೆಯೇ, ಮೂರು ಮೂರು.

ಅವರನ್ನು ನಾನು ಮತ್ತೆ ನೋಡಲಿಲ್ಲ. ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಆ ಮಣೆ ನನ್ನ ಮನೆಯಲ್ಲಿದೆ, ದಿನಾ ಅದರ ಮೇಲೆಯೇ ಊಟಕ್ಕೆ ಕೂರುತ್ತೇನೆ. ಅಲುಗುವುದಿಲ್ಲ. ಅರಕಲಗೂಡಿನ ಕಡೆ ಅವರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದಿದರೆ, ಮನೆಯಲ್ಲಿ ಯಾರಾದರೂ ಅಜ್ಜನ ಕೈ ಕೊನೆಗೆ ತಪ್ಪಿತು ಎಂದು ಹೇಳಿಕೊಂಡು ಬಂದಿದ್ದರೆ, ಅವರು ತಿಳಿಯಲಿ: ಕೋಲನ್ನು ನೆಲಕ್ಕೆ ಊರಿದವನು ನಾನು, ತುದಿ ಕೆತ್ತಿದವನು ನಾನು, ಸುಟ್ಟವನೂ ನಾನು. ಕಚ್ಚು ಸರಿಯಾಗಿತ್ತು.